ಇಟ್ಟರೆ ಏರದ ಮಾಲು

ಅಪ್ಪ ಆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಡಿಸ್ಕ್ ಸಣ್ಣಗೆ ಸದ್ದು ಮಾಡಿತು. "ಒಣಗೈತಿ," ಅಂದ. ತಮಾಷೆಗೆ ಅಂದದ್ದೋ ನಿಜಕ್ಕೂ ಅಂದದ್ದೋ ಅವನ ಮುಖ ನೋಡಿ ಹೇಳುವುದು ಯಾವಾಗಲೂ ಕಷ್ಟ. ಅದು ಆ ವರ್ಷದ ಕ್ರಿಕೆಟ್ ವಿಡಿಯೋ ಗೇಮ್, ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ದಸರಾಕ್ಕೆ ಇನ್ನೂ ಹದಿನೈದು ದಿನ ಇತ್ತು. ರಾಣೇಬೆನ್ನೂರು ಬಸ್ ಸ್ಟ್ಯಾಂಡಿನ ಹಿಂದಿನ ನನ್ನ ಅಂಗಡಿಗೆ ಅಪ್ಪ ಅವತ್ತು ಸುಮ್ಮನೆ ಬಂದು ಕೂತಿದ್ದ.

ಅಪ್ಪನದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ನೋಡಿ ದರ್ಜೆ ಹೇಳುವ ಕೆಲಸ. ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದ. ಬೀಜ ಗಿಲಿಗಿಲಿ ಅಂದರೆ ಒಣಗಿದೆ, ಸದ್ದು ಮಂಕಾಗಿದ್ದರೆ ಇನ್ನೂ ಹಸಿ ಇದೆ. ಆಮೇಲೆ ಒಂದು ಕಾಯಿ ಮುರಿದು ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಿದ್ದ. ಅವನು ಒಮ್ಮೆ ಹೇಳಿದರೆ ಹೊರಗಿನ ಖರೀದಿದಾರರು ಎರಡನೇ ಚೀಲ ಬಿಚ್ಚದೆ ಟೆಂಡರ್ ಚೀಟಿಯಲ್ಲಿ ದರ ಬರೆಯುತ್ತಿದ್ದರು. ಪ್ರತಿ ರಾಶಿಗೂ ಅವನಿಗೆ ಒಂದಿಷ್ಟು ದಲಾಲಿ ಸಿಗುತ್ತಿತ್ತು, ನಾನು ಓದಿದ್ದೂ ತಿಂದದ್ದೂ ಅದರಲ್ಲೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಮುತ್ತಿನ ವಿಷಯ ತನಗೆ ಗೊತ್ತಿಲ್ಲ, ಮಾತನ್ನು ಮಾತ್ರ ನಡೆದುಕೊಂಡು ಹೋಗಿ ವಾಪಸ್ ತರಬಹುದು ಅನ್ನುತ್ತಿದ್ದ. ಯಾವತ್ತಾದರೂ ಅವನು ಹೇಳಿದ ದರ್ಜೆ ತಪ್ಪಿದ್ದು ಗೊತ್ತಾದರೆ ಮರುದಿನ ಆ ಅಂಗಡಿಗೆ ಹೋಗಿ, ನಾಲ್ಕು ಜನ ಇರುವಾಗಲೇ, "ನನ್ನ ಮಾತು ವಾಪಸ್ ತಗೊಳ್ಳಾಕ ಬಂದೇನ್ರಿ" ಅಂತ ಹೇಳಿ ದಲಾಲಿ ತಿರುಗಿ ಕೊಡುತ್ತಿದ್ದ. ಅವತ್ತು ಆ ಅಂಗಡಿಯ ಚಹಾ ಕುಡಿಯುತ್ತಿರಲಿಲ್ಲ. "ತಪ್ಪು ಒಪ್ಪಿಕೊಂಡಮ್ಯಾಲೂ ಅವ್ರು ಚಹಾ ತರಿಸಿದ್ರಂದ್ರ, ನಾವು ಎಲ್ಲೋ ಬೆಣ್ಣಿ ಹಚ್ಚಿ ಹೇಳೇವಿ ಅಂತ ತಿಳೀಬೇಕು," ಅನ್ನುತ್ತಿದ್ದ. ಇದು ಮಾರುಕಟ್ಟೆಯ ಪದ್ಧತಿಯೇನೂ ಅಲ್ಲ, ಅವನೊಬ್ಬನದೇ.

ನಾನು ಇಂಥವನ ಮಗ. ಬ್ಯಾಡಗಿಯ ಮನೆಯಿಂದ ದಿನವೂ ರಾಣೇಬೆನ್ನೂರಿಗೆ ಹೋಗಿ ವಿಡಿಯೋ ಗೇಮ್ ಮಾರುತ್ತಿದ್ದೆ. ಈ ಅಂಗಡಿ ಅಂದರೆ ನಮ್ಮ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸಿ ಎಷ್ಟು ಉಳಿಯುತ್ತದೆ ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ನಿಜವನ್ನೇ ಹೇಳಿದ್ದೇನೆ, ಯಾರೂ ನಂಬಿಲ್ಲ. ನಾಲ್ಕು ಸಾವಿರದ ಹೊಸ ಡಿಸ್ಕ್ ಮಾರಿದರೆ ನನಗೆ ಇನ್ನೂರು ರೂಪಾಯಿ. ಕುಪ್ಪೇಲೂರಿನಿಂದ ಬಸ್ ಚಾರ್ಜ್ ಕೊಟ್ಟು ಬಂದಿದ್ದೇನೆ ಅಂತ ಗಿರಾಕಿ ಚೌಕಾಸಿ ಮಾಡಿದರೆ ನೂರು. ಆಟದ ಯಂತ್ರವನ್ನೇ ಮಾರಿದರೆ ಅದನ್ನು ಒರೆಸಿದ ಬಟ್ಟೆಯ ಖರ್ಚೂ ಹುಟ್ಟುವುದಿಲ್ಲ. ಹೊಟ್ಟೆ ತುಂಬುತ್ತಿದ್ದದ್ದು ಹಳೆಯ ಡಿಸ್ಕುಗಳಿಂದ. ಆಡಿ ಬೇಜಾರಾದವರು ಎಂಟು ನೂರಕ್ಕೆ ನನಗೆ ಕೊಟ್ಟದ್ದನ್ನು ಹನ್ನೆರಡು ನೂರಕ್ಕೆ ಇನ್ನೊಬ್ಬರಿಗೆ ಮಾರುತ್ತಿದ್ದೆ. ಅದೇ ಬಾಡಿಗೆ, ಅದೇ ಕರೆಂಟ್ ಬಿಲ್ಲು, ಅದೇ ಊಟ.

ಅವತ್ತು ಅಪ್ಪ ಕೂತಿದ್ದಾಗಲೇ ಹುಬ್ಬಳ್ಳಿಯ ವಿತರಕ ಬಂದಿದ್ದ. "ಪೂರಾ ಕಾರ್ಟನ್ ತಗೊಂಡ್ರ ಡಬ್ಬಿಗೆ ಇನ್ನ ಇನ್ನೂರು ಕಡಿಮಿ ಮಾಡ್ತೇನ್ರಿ. ಆದ್ರ ಮಾರಲಾರದ್ದು ವಾಪಸ್ ತಗೊಳ್ಳೂದಿಲ್ಲ," ಅಂದ. ಕಾರ್ಟನ್ನಿನಲ್ಲಿ ಅರವತ್ತು ಡಬ್ಬಿ. ನಾನು ಹತ್ತು ಸಾಕು ಅನ್ನುವವನಿದ್ದೆ.

"ತಗೋ," ಅಂದ ಅಪ್ಪ. "ಹತ್ತು ಮಾರು, ಉಳಿದದ್ದು ಇಡು. ಈಗ ಎಲ್ಲಾರ ಕೈಯಾಗೂ ಮಾಲು ಐತಿ, ರೇಟ್ ಏಳೂದಿಲ್ಲ. ಎಲ್ಲಾರದೂ ಖಾಲಿ ಆದಮ್ಯಾಲ ನಿಂದು ತೆಗಿ."

ಬ್ಯಾಡಗಿಯವರಿಗೆ ಇದಕ್ಕಿಂತ ದೊಡ್ಡ ಶಾಸ್ತ್ರ ಇಲ್ಲ. ನಮ್ಮೂರ ಸುತ್ತ ಎಲ್ಲಿ ನೋಡಿದರೂ ಕೋಲ್ಡ್ ಸ್ಟೋರೇಜ್. ಸುಗ್ಗಿಯಲ್ಲಿ ದರ ಬಿದ್ದರೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ; ಚೀಲಗಳನ್ನು ತಣ್ಣಗಿನ ಗೋದಾಮಿಗೆ ಹಾಕಿ, ಅದರ ರಸೀದಿ ಕಿಸೆಯಲ್ಲಿಟ್ಟುಕೊಂಡು, ಕಾಯುತ್ತಾರೆ. ಕಾದವರಿಗೆ ಬಹಳ ಸಲ ಒಳ್ಳೆಯದೇ ಆಗಿದೆ. ಆದರೆ ಆಟದ ದರ ದಿನದಿನಕ್ಕೆ ಇಳಿಯುತ್ತದೆ ಅನ್ನುವುದು ಅಂಗಡಿಯವನಾದ ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೂ ನಲವತ್ತು ವರ್ಷ ಮಾರುಕಟ್ಟೆಯೇ ನಂಬಿದ ಮಾತು ನನ್ನ ಅಂಗಡಿಯಲ್ಲಿ ಸುಳ್ಳಾಗುತ್ತದೆ ಅಂದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಖರೇ ಹೇಳಬೇಕೆಂದರೆ ಆಸೆಯೂ ಇತ್ತು. ಇನ್ನೂರು, ನೂರು ಅಂತ ಎಣಿಸಿ ಎಣಿಸಿ ಬೇಸತ್ತಿದ್ದೆ. ಕಾರ್ಟನ್ ತೆಗೆದುಕೊಂಡೆ.

ಹತ್ತು ಮಾರಿಹೋದವು. ಐವತ್ತನ್ನು ಅಂಗಡಿಯ ಅಟ್ಟಕ್ಕೆ ಏರಿಸಿ ಮೇಲೆ ಹಾಸಿಗೆಯ ಹಳೇ ಚಾದರ ಹೊದಿಸಿದೆ. ಯುಗಾದಿಯ ಹೊತ್ತಿಗೆ ಅದೇ ಆಟ ಫೋನಿನ ಆನ್‌ಲೈನ್ ಅಂಗಡಿಗಳಲ್ಲಿ ನಾನು ಕೊಂಡ ದರಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಮಳೆಗಾಲದಲ್ಲಿ ಅದರ ಅರ್ಧ. ಮುಂದಿನ ದಸರಾಕ್ಕೆ ಹೊಸ ವರ್ಷದ ಸಂಖ್ಯೆ ಹೊತ್ತ ಹೊಸ ಕ್ರಿಕೆಟ್ ಆಟ ಬಂತು, ಹೊಸ ಆಟಗಾರರು, ಹೊಸ ಅಂಗಿಗಳು. ನನ್ನಿಂದ ಕೊಂಡ ಆ ಹತ್ತು ಜನರಲ್ಲಿ ಆರು ಜನ ಹಳೆಯದನ್ನು ಮಾರಲು ನನ್ನ ಬಳಿಗೇ ಬಂದರು. ಅವನ್ನೂ ಚಾದರದ ಕೆಳಗೆ ತಳ್ಳಿದೆ.

ಅದೇ ವರ್ಷ, ಆ ದಸರಾಕ್ಕೂ ಮೊದಲೇ, ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮೊದಲ ಸೋಮವಾರ ಮಾರುಕಟ್ಟೆಗೆ ಹೋದವನು ಮಧ್ಯಾಹ್ನಕ್ಕೇ ಮನೆಗೆ ಬಂದ. "ಎಲ್ಲಾ ರಾಶಿನೂ ಚಲೋನ ಕಾಣಾಕತ್ತೈತಿ," ಅಂದ. ಇಷ್ಟು ವರ್ಷ ಮಬ್ಬಿನ ಹಿಂದಿನಿಂದ ನೋಡಿ ರೂಢಿಯಾಗಿದ್ದ ಕೆಂಪು ಈಗ ಬೇರೆಯೇ ಆಗಿತ್ತು. ಯಾವುದು ಮೊದಲನೇ ದರ್ಜೆ, ಯಾವುದು ಎರಡನೆಯದು ಅನ್ನುವ ನಿರ್ಣಯ ಅವನ ಕಣ್ಣಿಗೆ ದಕ್ಕಲಿಲ್ಲ. ಅಷ್ಟರಲ್ಲಿ ಬಣ್ಣ ಅಳೆಯುವ ಯಂತ್ರಗಳೂ ಬಂದಿದ್ದವು. ಯಾರೂ ಅವನಿಗೆ ಬರಬೇಡ ಅನ್ನಲಿಲ್ಲ, ಅವನೇ ಹೋಗುವುದನ್ನು ಬಿಟ್ಟ. ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಹೋಗಿ ಬರುವುದು, ಉಳಿದ ದಿನ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂರುವುದು, ಇಷ್ಟೇ ಆಯಿತು.

ಅಂಥ ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿದ: "ಆ ಮಾಲು ಏನಾತು? ಅಟ್ಟದ್ದು?"

ತಟ್ಟೆಯಿಂದ ತಲೆ ಎತ್ತದೆ ನಾನು ಹೇಳಿದೆ: "ಎಲ್ಲಾ ಹೋತು. ಚಲೋ ರೇಟ್ ಬಂತು. ನೀ ಹೇಳಿದಂಗ ಆತು."

ನನ್ನ ಹೆಂಡತಿ ರೊಟ್ಟಿ ಹಾಕಲು ಬಂದವಳು ಅಲ್ಲೇ ನಿಂತಳು. ಅಪ್ಪ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಕಣ್ಣಿನ ಶಸ್ತ್ರಚಿಕಿತ್ಸೆ ಆದಾಗಿನಿಂದ ಅವನು ಎರಡನೇ ರೊಟ್ಟಿ ಕೇಳಿದ್ದು ಅವತ್ತೇ. ನನಗೆ ನನ್ನ ಸುಳ್ಳಿನ ಬಗ್ಗೆ ಹೆಮ್ಮೆ ಅನ್ನಿಸಿತು. ನಾಚಿಕೆಗೇಡು, ಆದರೆ ಹಾಗೇ ಅನ್ನಿಸಿತು.

ಮರುದಿನ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಮಾರುಕಟ್ಟೆಗೆ ಹೋದ. ದರ್ಜೆ ಹೇಳುವುದಕ್ಕಲ್ಲ, ತನಗೆ ಬೇಕಾದ ಏಳು ಅಂಗಡಿಗಳಲ್ಲಿ ಕೂತು ಮಗನ ಸಂಗತಿ ಹೇಳುವುದಕ್ಕೆ. ಮೆಣಸಿನಕಾಯಿ ಇರಲಿ, ಕಂಪ್ಯೂಟರ್ ಆಟ ಇರಲಿ, ಮಾಲಿನ ಧರ್ಮ ಒಂದೇ ಅಂತ ಹೇಳಿ ಬಂದನಂತೆ. ಬಂದವನ ಮುಖದಲ್ಲಿ ಹಳೆಯ ಕಳೆ ಇತ್ತು. ಸುಳ್ಳನ್ನು ಅಲ್ಲಿಗೇ ಮುಗಿಯಿತು ಅಂದುಕೊಂಡು ನಾನು ಮರೆತೆ.

ಮುಂದಿನ ವರ್ಷ, ದಸರಾಕ್ಕೆ ಸ್ವಲ್ಪ ಮೊದಲು, ವಿತರಕನ ಫೋನ್ ಬಂತು. "ನಿಮ್ಮ ತಂದಿಯವ್ರು ಎರಡು ಕಾರ್ಟನ್ ಹೇಳ್ಯಾರ್ರಿ. ಗುರುವಾರ ರೊಕ್ಕ ಕೊಡ್ತೀನಿ ಅಂದಾರ. ನಿಮಗ ಗೊತ್ತೈತಲ್ಲ?"

ನನಗೆ ಗೊತ್ತಿರಲಿಲ್ಲ. ನನ್ನ ಗಲ್ಲಾಪೆಟ್ಟಿಗೆಯ ಮೇಲಿದ್ದ ವಿತರಕನ ವಿಸಿಟಿಂಗ್ ಕಾರ್ಡ್ ನೋಡಿ ಅಪ್ಪ ತಾನೇ ಫೋನ್ ಮಾಡಿದ್ದ. ಜೀವಮಾನದ ದಲಾಲಿಯಿಂದ ಕೂಡಿಟ್ಟದ್ದನ್ನು ಬ್ಯಾಂಕಿನಿಂದ ತೆಗೆದು ನನ್ನ ಅಂಗಡಿಗೆ ಹಾಕಬೇಕು, ಹಬ್ಬದ ದಿನ ನನಗೆ ಹೇಳಬೇಕು ಅಂತ ಅವನ ಲೆಕ್ಕ. ಇನ್ನೊಂದು ವಿಷಯ ಅವನಿಗೆ ತಿಳಿದಿರಲಿಲ್ಲ: ಆ ವರ್ಷದ ಡಬ್ಬಿಗಳಲ್ಲಿ ಡಿಸ್ಕೇ ಇರಲಿಲ್ಲ. ಒಂದು ಚೀಟಿ, ಅದರ ಮೇಲೆ ಅಂಕಿಗಳು. ಮನೆಯಲ್ಲಿ ಆ ಅಂಕಿ ಒತ್ತಿದರೆ ಆಟ ಇಂಟರ್‌ನೆಟ್ಟಿನಿಂದ ಇಳಿಯುತ್ತದೆ. ಒಮ್ಮೆ ಒತ್ತಿದ ಮೇಲೆ ಆ ಚೀಟಿ ಕಸ, ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ನಮ್ಮಂಥವರು ಹಳೆಯ ಡಿಸ್ಕಿನಲ್ಲಿ ಗಳಿಸುತ್ತಿದ್ದ ನಾಲ್ಕು ಕಾಸೂ ಆಟ ಹೊರತರುವ ದೂರದ ಪ್ರಕಾಶಕರ ಕಣ್ಣಿಗೆ ಬಿದ್ದಿತ್ತು.

ಮೊದಲು ನನಗೆ ಹೊಳೆದದ್ದು ಇನ್ನೊಂದು ಸುಳ್ಳು. ವಿತರಕನಿಗೆ ಹೇಳಿ ಮಾಲು ಬರಲಿಲ್ಲ ಅನ್ನಿಸಿಬಿಟ್ಟರೆ ಅಪ್ಪನ ಹಣವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಮನೆಗೆ ಹೋಗಿ ಹೆಂಡತಿಗೆ ಹೀಗಂತ ಹೇಳಿದೆ. ಅವಳು ಸಿಟ್ಟಿನಲ್ಲಿ ಕಡಿಮೆ ಮಾತಾಡುವವಳು. "ಆ ಸುಳ್ಳಿಗೆ ಜೋಡಿ ಹುಡುಕಬ್ಯಾಡ್ರಿ. ಮಾವಾರನ್ನ ಕರಕೊಂಡು ಹೋಗಿ ಅಟ್ಟ ತೋರಿಸ್ರಿ," ಅಂದಳು.

ಬುಧವಾರ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅರ್ಧ ಬಾಗಿಲು ಎಳೆದು, ಅಟ್ಟ ಹತ್ತಿ, ಚಾದರ ತೆಗೆದು ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದೆ. ಅರ್ಧ ಇಳಿಸುವಷ್ಟರಲ್ಲಿ ಅಪ್ಪ "ಸಾಕು, ಇಳಿ" ಅಂದ. ಒಂದು ಡಬ್ಬಿಯ ಧೂಳನ್ನು ತನ್ನ ಧೋತರದಿಂದ ಒರೆಸಿ ವರ್ಷದ ಸಂಖ್ಯೆ ನೋಡಿದ. ಅಲ್ಲಾಡಿಸಲಿಲ್ಲ.

"ಈಗ ಎಷ್ಟಕ್ಕ ಹೋಗತೈತಿ?"

"ನೂರು ಕೊಟ್ಟರ ದೊಡ್ಡದು."

"ಯಾಕ ಅಂತ ಹೇಳು. ಲಗೂ ಬ್ಯಾಡ, ಸಾವಕಾಶ ಹೇಳು."

ಹೇಳಿದೆ. ಆಟ ಮಾಡುವವರು ಬೇರೆ, ಹಣ ಹಾಕಿ ಅದನ್ನು ಹೊರತರುವ ಪ್ರಕಾಶಕರು ಬೇರೆ. ಯಂತ್ರದ ಕಂಪನಿ ಪ್ರತಿ ಡಿಸ್ಕಿನಲ್ಲಿ ತನ್ನ ಪಾಲು ಮೊದಲೇ ಎತ್ತಿಡುತ್ತದೆ. ಆಮೇಲೆ ವಿತರಕ, ಕೊನೆಗೆ ನಾನು. ಪೂರ್ತಿ ದರ ಕೊಡುವ ಉಮೇದು ಇದ್ದವರೆಲ್ಲ ಮೊದಲ ಎರಡು ತಿಂಗಳಲ್ಲೇ ಕೊಂಡು ಮುಗಿಸುತ್ತಾರೆ. ಆಮೇಲೆ ಪ್ರಕಾಶಕರೇ ದರ ಇಳಿಸುತ್ತಾರೆ. ಇನ್ನೊಂದು ಪ್ರತಿ ಮಾರಲು ಅವರಿಗೆ ಚೀಲ ಬೇಡ, ಗಾಡಿ ಬೇಡ, ಗೋದಾಮು ಬೇಡ. ಕೊಂಡ ದರ ಕೊರಳಿಗೆ ಬೀಳುವುದು ನನ್ನೊಬ್ಬನಿಗೆ. ಇಷ್ಟು ವರ್ಷದಲ್ಲಿ ನನ್ನ ವ್ಯಾಪಾರವನ್ನು ಒಬ್ಬರು ಪೂರ್ತಿ ಕೂತು ಕೇಳಿದ್ದು ಅದೇ ಮೊದಲು. ನಡುವೆ ಎರಡೇ ಪ್ರಶ್ನೆ ಕೇಳಿದ, ಎರಡೂ ಸರಿಯಾದ ಜಾಗಕ್ಕೇ ಬಿದ್ದವು.

"ಹಂಗಾರ ಇದು ಮೆಣಸಿನಕಾಯಿ ಅಲ್ಲಪಾ," ಅಂದ ಕೊನೆಗೆ. "ಮೇಡ್ಲೇರಿ ಟೊಮೇಟೊ. ಬಂದ ದಿನಾನ ಮಾರಬೇಕು."

ನಾನು ನಕ್ಕೆ. ಅವನು ನಗಲಿಲ್ಲ.

"ಇದನ್ನ ನೀ ಅವತ್ತ ಹೇಳಿದ್ರ ನಾ ಅವತ್ತ ಕಲೀತಿದ್ದೆ. ಕಣ್ಣು ಹೋಗಿತ್ತು, ಬುದ್ಧಿ ಇತ್ತಲ್ಲ. ನನಗ ತಿಳಿಯೂದಿಲ್ಲ ಅಂತ ನೀನ ತೀರ್ಮಾನ ಮಾಡಿದಿ."

ಅಪ್ಪನ ಮಾನ ಉಳಿಸಿದೆ ಅಂದುಕೊಂಡು ಒಂದು ವರ್ಷ ಬದುಕಿದ್ದೆ. ನಾನು ಉಳಿಸಿದ್ದು ಮಾನವಲ್ಲ, ಅವನನ್ನು ಲೆಕ್ಕಕ್ಕೇ ಇಲ್ಲದವನನ್ನಾಗಿ ಮಾಡಿದ್ದೆ. ವಿತರಕನಿಗೆ ಫೋನ್ ಹಚ್ಚಿ ಅಪ್ಪನೇ ಆರ್ಡರ್ ರದ್ದು ಮಾಡಿದ. ಅಷ್ಟಕ್ಕೆ ಅವನ ಹಣ ಉಳಿಯಿತು. ಆದರೆ ಅವನ ಚಿಂತೆ ಹಣದ್ದಾಗಿರಲಿಲ್ಲ. "ಏಳು ಅಂಗಡ್ಯಾಗ ಮಾತು ಇಟ್ಟು ಬಂದೇನಿ," ಅಂದ. "ಸೋಮವಾರ ನೀನೂ ನಡಿ."

ಸೋಮವಾರ ಮಾರುಕಟ್ಟೆಯಲ್ಲಿ ಅಪ್ಪನ ಹಿಂದೆ ನಡೆದೆ. ಘಾಟಿಗೆ ಎಲ್ಲರೂ ಸೀನುತ್ತಿದ್ದರು, ನಾನೂ ಸೀನಿದೆ, ಅಪ್ಪ ಸೀನುವುದಿಲ್ಲ. ಮೊದಲ ಅಂಗಡಿಯಲ್ಲಿ ಗಾದಿಯ ಅಂಚಿಗೆ ಕೂತು ಹೇಳಿದ: "ನನ್ನ ಮಾತು ವಾಪಸ್ ತಗೊಳ್ಳಾಕ ಬಂದೇನ್ರಿ. ಆಟದ ಮಾಲು ಇಟ್ಟರ ಏರೂದಿಲ್ಲ, ಇಳಿತೈತಿ. ನನ್ನ ಮಗಂದು ಮಾರಿಲ್ಲ, ಅಟ್ಟದ ಮ್ಯಾಲ ಹಂಗ ಐತಿ." ಮಾಲಕರು ನಕ್ಕು, "ಇರ್ಲಿ ಬಿಡ್ರಿ, ವಯಸ್ಸಾತು, ಕೇಳೂದ್ರಾಗ ಹೆಚ್ಚುಕಡಿಮಿ ಆಗಿರ್ತೈತಿ," ಅಂದು ಚಹಾಕ್ಕೆ ಹೇಳಿದರು. ಅಪ್ಪ ಚಹಾ ಬೇಡ ಅಂದು ಎದ್ದ. ತನಗೆ ಸುಳ್ಳು ಹೇಳಿದವರು ಯಾರು ಅಂತ ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಆರು ಅಂಗಡಿಗಳಲ್ಲಿ ಹೀಗೇ ಆಯಿತು, ಆರರಲ್ಲೂ ನಾನು ಪಕ್ಕದಲ್ಲಿ ನಿಂತು ನೆಲ ನೋಡಿದೆ.

ಏಳನೆಯ ಅಂಗಡಿಯವರು ನಗಲಿಲ್ಲ. ಅವರ ಅಳಿಯ ಹಾವೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ, ಜೊತೆಗೆ ಆಟದ ಡಿಸ್ಕುಗಳನ್ನೂ ಮಾರುತ್ತಿದ್ದ. ಅಪ್ಪನ ಮಾತನ್ನು ಇವರು ಅವನಿಗೆ ತಲುಪಿಸಿದ್ದರು. ಅವನು ಹಿಂದಿನ ದಸರಾಕ್ಕೆ ನಲವತ್ತು ಡಬ್ಬಿ ಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ.

ಅಪ್ಪ ಅಲ್ಲಿಂದ ಮನೆಗೆ ಬರಲಿಲ್ಲ, ನನ್ನನ್ನೂ ಕರೆದುಕೊಂಡು ಸೀದಾ ಹಾವೇರಿ ಬಸ್ ಹತ್ತಿದ. ಆ ಅಳಿಯ ನನ್ನ ವಯಸ್ಸಿನವನು, ಮೆದು ಮಾತಿನವನು. ಅಪ್ಪ ಹೇಳಿದ್ದನ್ನು ಪೂರ್ತಿ ಕೇಳಿ ಕಪಾಟಿನ ಕಡೆ ನೋಡಿದ. ಆಮೇಲೆ ಅಪ್ಪನನ್ನು ಕೇಳಿದ, ಆದರೆ ಅವನ ಕಣ್ಣು ನನ್ನ ಮೇಲಿತ್ತು: "ಮಾರಾಟ ಆತು ಅಂತ ನಿಮಗ ಯಾರು ಹೇಳಿದ್ರು, ಕಾಕಾ?"

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

"ಯಾರೂ ಹೇಳಿಲ್ರಿ," ಅಂದ ಅಪ್ಪ. "ನಾನ ತಪ್ಪು ತಿಳಕೊಂಡೆ."

ಅಳಿಯನ ಮುಖ ಸಡಿಲವಾಯಿತು. ಹಿರಿಯರ ತಪ್ಪು ತಿಳಿವಳಿಕೆಗೆ ಯಾರು ಸಿಟ್ಟಾಗುತ್ತಾರೆ? ಮೂರು ಕಪ್ ಚಹಾ ತರಿಸಿದ. ಅಪ್ಪ ತನ್ನ ಕಪ್ಪನ್ನು ಕೈಯಲ್ಲಿ ತೆಗೆದುಕೊಂಡು, ಹಾಗೇ ಹಿಡಿದುಕೊಂಡಿದ್ದು, ಕೆಳಗಿಟ್ಟ. ನಾನು ನನ್ನದನ್ನು ಕುಡಿದೆ. ಆ ಚಹಾ ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ ಬರುತ್ತದೆ.

ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವ ತನಕ ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ನಲವತ್ತು ವರ್ಷದಲ್ಲಿ ಅವನು ತಪ್ಪು ಹೇಳಿದ್ದುಂಟು, ಸುಳ್ಳು ಹೇಳಿದ್ದಿಲ್ಲ. ಕೊನೆಗೆ ನನ್ನ ಕಡೆ ತಿರುಗದೇ ಅಂದ: "ಏಳು ಅಂಗಡಿ ತಿರುಗಿ ಮಾತು ವಾಪಸ್ ತಗೊಂಡೆ. ಈಗ ಆಡಿದ್ನಲ್ಲ, ಇದನ್ನ ಯಾರು ಹೋಗಿ ವಾಪಸ್ ತಗೋಬೇಕು?"

ಮರುದಿನ ಬೆಳಿಗ್ಗೆ ನಾನೊಬ್ಬನೇ ಹಾವೇರಿಗೆ ಹೋದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಅಂತ ಕಾಯಬೇಕು ಅನ್ನಿಸಿತು, ಕಾಯಲಿಲ್ಲ. "ಮಾರಾಟ ಆತು ಅಂತ ಅಪ್ಪಗ ಹೇಳಿದಾಂವ ನಾನು. ಮಾರಿರಲಿಲ್ಲ. ಸುಳ್ಳು ಹೇಳಿದ್ದೆ. ನಿನ್ನೆ ಇಲ್ಲಿ ನಿಂತೂ ಬಾಯಿ ಬಿಡಲಿಲ್ಲ," ಅಂದೆ. ಅವನ ನಲವತ್ತು ಡಬ್ಬಿಗಳನ್ನು ಕೊಂಡ ದರಕ್ಕೇ ನನಗೆ ಕೊಡು ಅಂತಲೂ ಕೇಳಿಕೊಂಡೆ. ಅವನು ಕಪಾಟಿನ ಬೀಗ ತೆಗೆದು ಇಪ್ಪತ್ತನ್ನು ಮಾತ್ರ ಹೊರಗಿಟ್ಟ. "ಉಳಿದ ಇಪ್ಪತ್ತು ನನ್ನ ದುರಾಸಿಗೆ ದಂಡ ಇರ್ಲಿ. ನೀವಿನ್ನ ಹೋಗ್ರಿ," ಅಂದ. ಕೂತ್ಕೋರಿ ಅಂತ ಕೂಡ ಅನ್ನಲಿಲ್ಲ.

ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬ್ಯಾಡಗಿಗೆ ಬಂದೆ. ಹೆಂಡತಿ ಸಂತೆಗೆ ಹೋಗಿದ್ದಳು, ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಪೆಟ್ಟಿಗೆಯನ್ನು ನೋಡಿದ, ನನ್ನ ಮುಖ ನೋಡಿದ.

"ಚಹಾ ಕೊಟ್ರೇನು?" ಅಂದ.

"ಇಲ್ಲ."

"ಹಂಗಾರ ಪೂರಾ ಹೇಳೀದಿ," ಅಂದು ಅಪ್ಪ ಗೋಡೆ ಹಿಡಿದು ಎದ್ದ. ಒಳಗೆ ಹೋಗಿ ಇಬ್ಬರಿಗೂ ಚಹಾಕ್ಕೆ ನೀರಿಟ್ಟ.